ಗೇಟಿನೊಳಗಿನ ಹಿಪ್ಪುನೇರಳೆ

ಸಿಂಹ ನೋಡಲಿಲ್ಲ

ನೈರೋಬಿಗೆ ಹೋಗಿ ಬಂದೆ ಎಂದರೆ ಮಾಲೂರು ಬಸ್ ಸ್ಟ್ಯಾಂಡಿನಿಂದ ಹಿಡಿದು ಮಾಸ್ತಿಯ ಹಾಲಿನ ಡೇರಿಯವರೆಗೆ ಎಲ್ಲರೂ ಕೇಳುವುದು ಒಂದೇ: ಸಿಂಹ ನೋಡಿದ್ಯಾ? ನೋಡಲಿಲ್ಲ. ಆನೆಯನ್ನೂ ನೋಡಲಿಲ್ಲ. ಆನೆ ನೋಡುವುದಕ್ಕೆ ಸಮುದ್ರ ದಾಟಬೇಕೇ? ತಮಿಳುನಾಡಿನ ಗಡಿ ದಾಟಿಕೊಂಡು ಅವೇ ನಮ್ಮ ರಾಗಿ ಹೊಲಕ್ಕೆ ಬರುತ್ತವೆ. ನಾನು ಅಲ್ಲಿ ನೋಡಿದ್ದು ಒಂದು ದೊಡ್ಡ ಗೇಟು, ಅದರೊಳಗೆ ಅರಮನೆಯಂಥ ಮನೆಗಳು, ಆ ಮನೆಗಳ ನಡುವೆ ಒಂದು ಖಾಲಿ ಕಾರ್ ಗ್ಯಾರೇಜು. ಆ ಗ್ಯಾರೇಜಿನಲ್ಲಿ ರೇಷ್ಮೆ ಹುಳು.

ನಾನು ಮಾಸ್ತಿ ಹತ್ತಿರದ ಹಳ್ಳಿಯವಳು, ಹೆಸರು ರತ್ನ. ರೇಷ್ಮೆ ಕೃಷಿಯಲ್ಲಿ ಬಿಎಸ್ಸಿ ಮಾಡಿದ್ದೇನೆ. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಅಮ್ಮ ಬೇರೆಯವರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುವ ಕೂಲಿ ಮಾಡಿ ನನ್ನನ್ನು ಓದಿಸಿದಳು. ಈಗ ನನ್ನದೇ ಒಂದು ಚಾಕಿ ಕೇಂದ್ರವಿದೆ. ಮೊಟ್ಟೆಯಿಂದ ಆಗತಾನೆ ಹೊರಬಂದ ಎಳೆ ಹುಳುಗಳನ್ನು ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ರೈತರಿಗೆ ಕೊಡುವ ಕೆಲಸ.

ಕೀನ್ಯಾದ ಲಿಡಿಯಾ ಎಂಬ ಹೆಣ್ಣುಮಗಳು ತರಬೇತಿಗೆಂದು ನಮ್ಮ ಕಡೆ ಬಂದಾಗ ನನ್ನ ಕೇಂದ್ರದಲ್ಲಿ ಕೆಲವು ದಿನ ಇದ್ದಳು. ಅವಳ ಊರಿನ ಹತ್ತಿರ ಹೆಂಗಸರ ಒಂದು ಸಂಘ. ಲಿಡಿಯಾ ಮಾತು ಕೇಳಿ ಆಗಲೇ ಹಿಪ್ಪುನೇರಳೆ ನೆಟ್ಟಿದ್ದರು, ಹುಳು ಸಾಕಲು ಮಾತ್ರ ಒಪ್ಪಿರಲಿಲ್ಲ. ಹಿಂದೆ ಯಾರೋ ಬಂದು ಮೊಲ ಸಾಕಿ ಎಂದಿದ್ದರಂತೆ, ಮೊಲ ಸತ್ತವು. ಇನ್ಯಾರೋ ಬಂದು ಅಣಬೆ ಬೆಳೆಸಿ ಎಂದಿದ್ದರಂತೆ, ಅದೂ ಕೊಳೆಯಿತು. ಈ ಸಲ ಸಂಘದ ಮುಖಂಡೆ ಎಸ್ತರ್ ಖಡಾಖಂಡಿತವಾಗಿ ಹೇಳಿದ್ದಳು: ನಮ್ಮ ಸೊಪ್ಪು ತಿಂದು, ನಮ್ಮ ಕಣ್ಣ ಮುಂದೆ ಒಂದು ಬೆಳೆ ಗೂಡು ಆಗಲಿ, ಆಮೇಲೆ ಮಾತು. ಆ ಒಂದು ಬೆಳೆ ತೆಗೆದು ತೋರಿಸಲು ಲಿಡಿಯಾ ನನ್ನನ್ನು ಕರೆದಳು. ನನ್ನ ಜೊತೆ ಬಂದವಳು ಪದ್ಮಕ್ಕ.

ಪದ್ಮಕ್ಕ ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನವಳು, ಹುಳು ಸಾಕುವುದರಲ್ಲಿ ಪಳಗಿದ ಕೈ. ಮನೆಮಾತು ತೆಲುಗು. ಖುಷಿಯಾಗಿದ್ದಾಗ ಕನ್ನಡ ಮಾತಾಡುತ್ತಾಳೆ, ಸಿಟ್ಟು ಬಂದರೆ ತೆಲುಗಿಗೆ ಹೋಗುತ್ತಾಳೆ. ವಿಮಾನದಲ್ಲಿ ಗಗನಸಖಿ ಬಗ್ಗಿ ಊಟದ ತಟ್ಟೆ ಇಟ್ಟಾಗ ಸೆಂಟಿನ ವಾಸನೆಗೆ ಮೂಗು ಮುಚ್ಚಿಕೊಂಡಳು. "ಈ ವಾಸ್ನೆಗೆ ನಮ್ಮ ಹುಳ ಇದ್ದಿದ್ರೆ ಅರ್ಧ ಇಲ್ಲೇ ಉದುರೋವು ಕಣೇ" ಎಂದಳು. ನಾವು ಹುಳು ಒಯ್ದಿರಲಿಲ್ಲ. ಮೊಟ್ಟೆ ಅಲ್ಲಿನದೇ, ಸೊಪ್ಪು ಅಲ್ಲಿನದೇ. ನಾವು ಒಯ್ದದ್ದು ನಮ್ಮ ಕೈ ಮಾತ್ರ.

ಗೇಟು

ಹೆಂಗಸರ ಸಂಘ ಇನ್ನೂ ಒಪ್ಪದಿದ್ದರಿಂದ ಅವರಿಗೆ ಹುಳು ಸಾಕುವ ಶೆಡ್ಡು ಇರಲಿಲ್ಲ. ಹಾಗಾಗಿ ಲಿಡಿಯಾ ತನ್ನ ಮನೆಯ ಗ್ಯಾರೇಜನ್ನೇ ಹುಳದ ಮನೆ ಮಾಡಿಕೊಳ್ಳಿ ಎಂದಿದ್ದಳು. ಅವಳ ಮನೆ ನಗರದ ನಡುವೆಯೇ ಇರುವ, ಸುತ್ತ ಗೋಡೆ ಕಟ್ಟಿದ ಸಿರಿವಂತರ ಬಡಾವಣೆಯಲ್ಲಿ. ಚಿಕ್ಕಮ್ಮ ಸಾಯುವ ಮುಂಚೆ ಇವಳ ಹೆಸರಿಗೆ ಬರೆದದ್ದಂತೆ. "ನಾನು ಅಲ್ಲಿ ಬೆಕ್ಕಿನ ಥರ ಇದ್ದೀನಿ, ಸದ್ದು ಮಾಡಲ್ಲ" ಎಂದಳು. ಅವಳಾಡಿದ್ದು ಇಂಗ್ಲಿಷ್. ಅಲ್ಲಿ ಎಲ್ಲರೂ ನಮ್ಮೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು. ನನ್ನ ಕಿವಿಗೆ ಅದು ನಮ್ಮ ಮಾತಾಗಿಯೇ ಬಿತ್ತು, ಹಾಗೇ ಬರೆಯುತ್ತಿದ್ದೇನೆ.

ಗೇಟಿನಲ್ಲಿ ಕಾವಲುಗಾರರು ಕಾರಿನ ಡಿಕ್ಕಿ ತೆರೆಸಿದರು, ಕಾರಿನ ಕೆಳಗೆ ಕನ್ನಡಿ ಹಿಡಿದು ನೋಡಿದರು, ನಮ್ಮ ಫೋಟೋ ತೆಗೆದರು. ಪದ್ಮಕ್ಕ ಪ್ರತಿ ಸಲವೂ ಕಣ್ಣು ಮುಚ್ಚಿದ್ದರಿಂದ ಅವಳದನ್ನು ಮತ್ತೆ ಮತ್ತೆ ತೆಗೆದರು. ಯಾರ ಮನೆ, ಏನು ಸಂಬಂಧ, ಏನು ಕೆಲಸ, ಯಾವಾಗ ವಾಪಸ್ಸು ಎಂದೆಲ್ಲ ಕೇಳಿದರು.

"ಹೆಣ್ಣು ನೋಡೋಕೆ ಬಂದೋರ್ನೂ ಇಷ್ಟು ಕೇಳಲ್ಲ" ಎಂದಳು ಪದ್ಮಕ್ಕ.

ಒಳಗೆ ಹೋದರೆ ಬೇರೆಯೇ ದೇಶ. ಹೊರಗೆ ವ್ಯಾನುಗಳ ಹಾರನ್ನು, ಜೋಳ ಸುಡುವ ಹೊಗೆ, ಜನವೋ ಜನ. ಒಳಗೆ ಹಕ್ಕಿಯ ದನಿ ಬಿಟ್ಟರೆ ಏನೂ ಇಲ್ಲ. ಗೋಡೆಗಳ ಮೇಲೆ ಕರೆಂಟಿನ ತಂತಿ, ತಂತಿಯ ಮೇಲೆ ಹೂಬಳ್ಳಿ. ಒಂದು ಕಿರಾಣಿ ಅಂಗಡಿ ಇಲ್ಲ, ಒಂದು ಜಗಲಿ ಇಲ್ಲ. ಮಣ್ಣು ಮಾತ್ರ ನಮ್ಮದೇ. ಕೋಲಾರದ ಕೆಂಪು ಮಣ್ಣನ್ನು ಲಾರಿಯಲ್ಲಿ ತಂದು ಸುರಿದಂತೆ. ಹವೆಯೂ ನಮ್ಮ ಕಡೆಯ ಕಾರ್ತಿಕದ ಬೆಳಗಿನ ಹಾಗೆ ತಂಪು.

ರಸ್ತೆಯ ಎರಡೂ ಕಡೆ ಸಾಲುಮರ. ಕಾರಿನಿಂದ ಇಳಿದು ತಲೆ ಎತ್ತಿದೆ. ಹಿಪ್ಪುನೇರಳೆ. ನಮ್ಮ ಕಡೆ ಪ್ರತಿ ಬೆಳೆಗೂ ಬುಡಕ್ಕೆ ಕಡಿಯುವುದರಿಂದ ಅದು ಸೊಂಟದುದ್ದ ದಾಟುವುದೇ ಅಪರೂಪ. ಇಲ್ಲಿ ನೆರಳಿಗೆಂದು ಯಾರೋ ನೆಟ್ಟು, ಮಾವಿನ ಮರದಷ್ಟು ಎತ್ತರ ಬೆಳೆದು, ಹಣ್ಣು ಉದುರಿ ರಸ್ತೆಯೆಲ್ಲ ನೇರಳೆ ಬಣ್ಣ. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. ಒಂದು ಎಲೆ ಕಿತ್ತು, ಮಡಚಿ ಮುರಿದು, ತುದಿ ಕಚ್ಚಿ ನೋಡಿದೆ. ರೇಷ್ಮೆಯವರ ಚಾಳಿ ಇದು, ಎಲ್ಲಿ ಸೊಪ್ಪು ಕಂಡರೂ ಕೈ ಸುಮ್ಮನಿರುವುದಿಲ್ಲ.

ನಾವು ಪೆಟ್ಟಿಗೆ ಒಳಗಿಡುವಷ್ಟರಲ್ಲಿ ಲಿಡಿಯಾಳ ಫೋನಿಗೆ ಸಂದೇಶ ಬಂತು: ನಿಮ್ಮ ಅತಿಥಿ ಬಡಾವಣೆಯ ಮರಕ್ಕೆ ಹಾನಿ ಮಾಡಿದ್ದಾರೆ, ಇನ್ನೊಮ್ಮೆ ಹೀಗಾಗಬಾರದು. ಕಳಿಸಿದವರು ನಿವಾಸಿಗಳ ಸಮಿತಿಯ ಅಧ್ಯಕ್ಷೆ ಮುಥೋನಿ.

ಪದ್ಮಕ್ಕ ಹೊಟ್ಟೆ ಹಿಡಿದು ನಕ್ಕಳು. "ಬಂದ ಗಳಿಗೇಲೇ ಕಳ್ಳಿ ಅನ್ನಿಸ್ಕೊಂಡ್ಯಲ್ಲೇ. ಬಿಎಸ್ಸಿ ಓದಿದ್ದು ಇದಕ್ಕಾ?"

ನಡೆಯುವವರನ್ನು ಕಾಯುವವರು

ಬೆಳಗ್ಗೆ ಒಂದು ಸುತ್ತು ನಡೆಯುವುದು ನಮ್ಮಿಬ್ಬರಿಗೂ ರೂಢಿ. ಸೀರೆ ಉಟ್ಟು, ಶಾಲು ಹೊದ್ದು ಹೊರಟರೆ ಹಿಂದಿನಿಂದ ಒಂದು ಗಸ್ತು ಜೀಪು ಸದ್ದಿಲ್ಲದೆ ತೆವಳಿಕೊಂಡು ಬಂತು. ನಾವು ನಿಂತರೆ ಅದೂ ನಿಂತಿತು. ಕೊನೆಗೆ ಚಾಲಕ ತಲೆ ಹೊರಗೆ ಹಾಕಿ, ಮೊದಲು ಹೇಗಿದ್ದೀರಿ ಎಂದ, ನಿದ್ದೆ ಬಂತೇ ಎಂದ, ಮನೆಯವರೆಲ್ಲ ಕ್ಷೇಮವೇ ಎಂದ. ಅಲ್ಲಿ ಯಾರೂ ನೇರ ವಿಷಯಕ್ಕೆ ಬರುವುದಿಲ್ಲ, ನಮ್ಮಲ್ಲಿ ಊಟ ಆಯ್ತಾ ಎನ್ನುವ ಹಾಗೆ. ಅಷ್ಟಾದ ಮೇಲೆ ಕೇಳಿದ: "ದಾರಿ ತಪ್ಪಿದ್ದೀರಾ?"

ಆ ರಸ್ತೆಗಳಲ್ಲಿ ನಡೆಯುವವರು ಎರಡೇ ಬಗೆ. ಕೆಲಸಕ್ಕೆ ಬರುವವರು, ನಾಯಿ ತಿರುಗಿಸುವವರು. ನಾವು ಎರಡರಲ್ಲೂ ಇರಲಿಲ್ಲ. ಎದುರಿಗೆ ಬಂದ ಒಂದು ನಾಯಿಗೆ ಸ್ವೆಟರ್ ಇತ್ತು. ಪದ್ಮಕ್ಕ ಅದನ್ನೇ ನೋಡುತ್ತಾ, "ನಮ್ಮೂರ ನಾಯಿಗೆ ಇದು ತಿಳಿದ್ರೆ ಊರಲ್ಲಿ ನಿಲ್ಲಲ್ಲ" ಎಂದಳು.

ಪಕ್ಕದ ಮನೆಯವರ ಹೆಸರೇನು ಎಂದು ಲಿಡಿಯಾಳನ್ನು ಕೇಳಿದೆ. ಗೊತ್ತಿಲ್ಲ ಎಂದಳು. ಅವಳು ಆ ಮನೆಗೆ ಬಂದು ವರ್ಷಗಳಾಗಿವೆ. ನಮ್ಮೂರಲ್ಲಿ ಒಂದು ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದರೆ ಮೂರನೇ ಮನೆಯವರು ಇವತ್ತು ಬಸ್ಸಾರು ಎಂದು ಹೇಳುತ್ತಾರೆ. ಪದ್ಮಕ್ಕ ಮಾತ್ರ ಒಂದೇ ವಾರದಲ್ಲಿ ಪಕ್ಕದ ಮನೆಯ ಅಡುಗೆಯವನನ್ನು ಕಾಂಪೌಂಡಿನ ಮೇಲಿಂದ ಪರಿಚಯ ಮಾಡಿಕೊಂಡಳು. ಭಾಷೆ ಇಲ್ಲ. ಮೀನು ಹುರಿಯುವ ವಾಸನೆ ಗ್ಯಾರೇಜಿನ ಕಡೆ ಬರುತ್ತಿದೆ, ಹುಳುವಿಗೆ ಆಗದು, ಆ ಕಡೆ ಕಿಟಕಿ ಮುಚ್ಚು ಎಂಬುದನ್ನೆಲ್ಲ ಕೈಸನ್ನೆಯಲ್ಲೇ ಹೇಳಿದಳು. ಅವನು ಮುಚ್ಚಿದ. ಮರುದಿನ ಒಂದು ಬಾಳೆಗೊನೆ ಕೊಟ್ಟ.

ಗ್ಯಾರೇಜನ್ನು ನಾವು ತೊಳೆದು, ಸುಣ್ಣ ಬಳಿದು, ಕಿಟಕಿಗೆ ಜಾಲರಿ ಹೊಡೆದು ಹುಳದ ಮನೆ ಮಾಡಿದ್ದೆವು. ಬಾಗಿಲಲ್ಲಿ ಸುಣ್ಣದ ಪುಡಿಯ ಪಟ್ಟಿ, ಒಂದು ಬಕೆಟ್ ನೀರು, ಸಾದಾ ಸೋಪು. ಹುಳು ಸಾಕುವವರಿಗೆ ಇದನ್ನು ಹೇಳಬೇಕಾಗಿಲ್ಲ. ಕೈಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಊದುಬತ್ತಿ, ಬೀಡಿ, ಸೆಂಟು ಯಾವುದೂ ಕೂಡದು. ಬೀಗರು ಬಂದರೂ ಹೊಸಿಲಾಚೆಯೇ ಮಾತು. ರೋಗ ಹೊರಗಿನಿಂದ ಬರುವುದು ಕಾಲಿನ ಧೂಳಿನಲ್ಲಿ. ಲಿಡಿಯಾ ಮೊದಲ ದಿನ ಮುಖಕ್ಕೆ ಏನೋ ಹಚ್ಚಿಕೊಂಡು ಬಂದಾಗ ಪದ್ಮಕ್ಕ ಅವಳನ್ನು ಅವಳ ಗ್ಯಾರೇಜಿನಿಂದಲೇ ಆಚೆ ಕಳಿಸಿದಳು.

ಸೊಪ್ಪು ಕೆಟ್ಟ ಬೆಳಗು

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಅದಕ್ಕೆ ಜ್ವರ ಎನ್ನುತ್ತಾರೆ, ಆಗ ಅದು ಸೊಪ್ಪು ಮುಟ್ಟದೆ ತಲೆ ಎತ್ತಿ ಮಲಗುವುದರಿಂದ. ನಾಲ್ಕನೇ ಜ್ವರ ಎದ್ದ ಮೇಲೆ ಬರುವುದು ಹಸಿವು. ಅಲ್ಲಿಯವರೆಗೆ ತಿಂದದ್ದೆಲ್ಲ ಒಂದು ತೂಕವಾದರೆ ಆ ಒಂದು ವಾರ ತಿನ್ನುವುದು ಅದಕ್ಕೆ ಎಷ್ಟೋ ಪಟ್ಟು. ಸೊಪ್ಪು ಹಾಕಿ ಬಾಗಿಲು ಮುಚ್ಚಿದರೆ ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ನನಗೆ ಹೊಟ್ಟೆ ತುಂಬುತ್ತದೆ.

ಎಸ್ತರಳ ಸಂಘದವರು ದಿನಾ ಬೆಳಗ್ಗೆ ತಮ್ಮ ತೋಟದ ಸೊಪ್ಪನ್ನು ಪಿಕಪ್ಪಿನಲ್ಲಿ ಕಳಿಸುತ್ತಿದ್ದರು. ಆ ದಿನವೂ ಬಂತು. ಹೊಸದಾಗಿ ಬಂದ ಸೊಪ್ಪನ್ನು ಪದ್ಮಕ್ಕ ಎಂದೂ ನೇರವಾಗಿ ಹಾಕುವುದಿಲ್ಲ. ಒಂದು ಚಿಕ್ಕ ತಟ್ಟೆಯಲ್ಲಿ ಕೆಲವು ಹುಳುಗಳಿಗೆ ಮೊದಲು ಹಾಕಿ ನೋಡುತ್ತಾಳೆ. ಅವತ್ತು ಹಾಕಿದ ಸ್ವಲ್ಪ ಹೊತ್ತಿಗೆ ಹುಳುಗಳು ತಲೆ ಅತ್ತಿತ್ತ ಆಡಿಸಿ, ಬಾಯಿಂದ ಹಸಿರು ನೀರು ಕಕ್ಕಿದವು. ಸಂಘದ ತೋಟದ ಪಕ್ಕದ ಜಮೀನಿನಲ್ಲಿ ಹಿಂದಿನ ದಿನ ಕೋಸಿಗೆ ಔಷಧಿ ಹೊಡೆದಿದ್ದರು. ಗಾಳಿ ಈ ಕಡೆಗಿತ್ತು.

"ಅಯ್ಯೋ ನಾ ತಲ್ಲಿ" ಎಂದಳು ಪದ್ಮಕ್ಕ. ತೆಲುಗಿಗೆ ಹೋಗಿದ್ದಳು. ಪಿಕಪ್ಪಿನ ಸೊಪ್ಪನ್ನೆಲ್ಲ ಗುಂಡಿಗೆ ಹಾಕಿಸಿದೆವು.

ತಟ್ಟೆಗಳಲ್ಲಿ ಉಳಿದಿದ್ದ ಹಳೆಯ ಸೊಪ್ಪಿನ ಕಡ್ಡಿಗಳನ್ನೂ ಹುಳುಗಳು ಕೆರೆದು ಮುಗಿಸಿದವು. ಆಮೇಲೆ ತಟ್ಟೆಯ ಅಂಚಿಗೆ ಬಂದು, ಅರ್ಧ ಮೈ ಎತ್ತಿ, ಗಾಳಿಯಲ್ಲಿ ಸೊಪ್ಪು ಹುಡುಕತೊಡಗಿದವು. ಸದ್ದು ನಿಂತಿತ್ತು. ಈ ಹಸಿವು ಎರಡು ಹೊತ್ತು ಮುಂದುವರಿದರೆ ಹುಳು ಸಾಯದಿದ್ದರೂ ಗೂಡು ತೆಳ್ಳಗಾಗುತ್ತದೆ. ಎಸ್ತರ್ ತೆಳ್ಳಗಿನ ಗೂಡನ್ನು ಬೆರಳಲ್ಲಿ ಒತ್ತಿ ನೋಡಿ ಎದ್ದು ಹೋಗುತ್ತಾಳೆ. ಮೊಲ, ಅಣಬೆ, ಆಮೇಲೆ ನಾನು.

ಗೇಟಿನಾಚೆ ಬೇರೆ ತೋಟ ಹುಡುಕಿ ಬರಲು ಲಿಡಿಯಾಳಿಗೆ ಒಂದು ದಿನ ಬೇಕು. ಗೇಟಿನೊಳಗೆ, ಬಾಗಿಲ ಮುಂದೆ, ರಸ್ತೆಯುದ್ದಕ್ಕೂ ಸೊಪ್ಪು ಗಾಳಿಗೆ ಅಲ್ಲಾಡುತ್ತಿತ್ತು.

ನಾನು ಹಿತ್ತಲಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ.

"ಏನೇ, ದನಿ ಹಿಂಗೈತೆ?"

"ಸೊಪ್ಪು ಕೆಟ್ಟೋಯ್ತಮ್ಮ. ಔಷಧಿ ಬಿದ್ದೈತೆ."

"ಹುಳ ಎಷ್ಟನೇ ಜ್ವರ?"

"ನಾಕೂ ಎದ್ದವೆ."

"ಬೇರೆ ಸೊಪ್ಪಿಲ್ವಾ?"

"ಐತೆ. ಮನೆ ಮುಂದೇನೇ ಐತೆ. ದೊಡ್ಡೋರದ್ದು. ಒಂದೆಲೆ ಕಿತ್ತಿದ್ದಕ್ಕೇ ದೂರು ಕೊಟ್ಟವ್ರೆ."

"ಹೋಗಿ ಕೇಳು."

"ನಾನೆಂಗಮ್ಮ ಕೇಳ್ಲಿ? ನಾನಿಲ್ಲಿ ಹೇಳ್ಕೊಡೋಕೆ ಬಂದಿರೋಳು. ಮನೆಬಾಗ್ಲಿಗೆ ಹೋಗಿ ಸೊಪ್ಪು ಕೊಡಿ ಅಂತ ನಿಂತ್ಕೊಳ್ಳಾ?"

ಇಲ್ಲಿ ಒಂದು ಮಾತು ಹೇಳಬೇಕು. ಅಮ್ಮ ಕೂಲಿಯ ಜೊತೆಗೆ ನಮ್ಮ ಗುಡಿಸಲಿನ ಮೂಲೆಯಲ್ಲಿ ಕೆಲವೇ ತಟ್ಟೆ ಹುಳು ಸಾಕುತ್ತಿದ್ದಳು. ನಮಗೆ ತೋಟ ಇರಲಿಲ್ಲ. ಹಾಗಾಗಿ ತೋಟದ ಯಜಮಾನರ ಮನೆಯ ಮೆಟ್ಟಿಲ ಕೆಳಗೆ ನಿಂತು, ಉಳಿದ ಸೊಪ್ಪಿದ್ದರೆ ಕೊಡಿ ಸ್ವಾಮಿ ಎಂದು ಕೇಳುತ್ತಿದ್ದಳು. ಕೆಲವು ದಿನ ಕೊಡುತ್ತಿದ್ದರು, ಕೆಲವು ದಿನ ಒಳಗಿನಿಂದ ಉತ್ತರವೇ ಬರುತ್ತಿರಲಿಲ್ಲ. ಅವಳ ಸೆರಗು ಹಿಡಿದು ನಿಂತಿದ್ದವಳು ನಾನು. ದೊಡ್ಡವಳಾದ ಮೇಲೆ ಯಾರ ಬಾಗಿಲಲ್ಲೂ ಹೀಗೆ ನಿಲ್ಲಲಾರೆ ಎಂದು ಹಲ್ಲು ಕಚ್ಚಿ ಓದಿದೆ.

"ನಾನು ಕೇಳಿದ್ದಕ್ಕೇ ನೀನು ಓದಿದ್ದು ಕಣೇ" ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಹಸ್ದಿರೋ ಹುಳ ಮುಂದಿಟ್ಕೊಂಡು ನಾಚ್ಕೆ ಎಂಥದ್ದು? ಮೊಕ ತೊಳ್ಕೊಂಡು ಹೋಗು."

ಮುಖ ತೊಳೆದುಕೊಂಡು ಹೋದೆ.

ಅಧ್ಯಕ್ಷೆ

ಮುಥೋನಿ ಅವರ ಮನೆಗೆ ಇನ್ನೊಂದು ಗೇಟು, ಗೇಟಿನಲ್ಲಿ ಮಾತಾಡುವ ಯಂತ್ರ. ಅದಕ್ಕೆ ನನ್ನ ಹೆಸರು ಹೇಳಿದೆ. ಬಾಗಿಲು ತೆರೆದು ಅವರೇ ಬಂದರು. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ನಿವೃತ್ತ ವಕೀಲೆ. ನಾನು ಹೇಗಿದ್ದೀರಿ, ನಿದ್ದೆ ಬಂತೇ ಎಲ್ಲ ಕೇಳಿದೆ. ಅಷ್ಟು ಕಲಿತಿದ್ದೆ.

"ಎಲೆ ಕಿತ್ತವರು ನೀವೇ ಅಲ್ಲವೇ?"

"ನಾನೇ."

"ಯಾಕೆ ಕಿತ್ತಿರಿ?"

"ಕೈ ತಡೀಲಿಲ್ಲ. ಈಗ ಇನ್ನೂ ಬೇಕು ಅಂತ ಕೇಳೋಕೆ ಬಂದಿದ್ದೀನಿ."

"ಎಷ್ಟು?"

"ಎಲ್ಲಾ ಮರದ್ದೂ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ವಿಷಯ ಹೇಳಿದೆ: ಹುಳು, ಎಸ್ತರಳ ಸಂಘ, ಕೆಟ್ಟ ಸೊಪ್ಪು. ಬೇಡಲಿಲ್ಲ, ಹೇಳಿದೆ. ಮರಗಳನ್ನು ಸವರಿ, ರಸ್ತೆ ಗುಡಿಸಿ, ಹಣ್ಣಿನ ಕಲೆ ಇಲ್ಲದಂತೆ ಮಾಡಿ ಕೊಡುತ್ತೇವೆ, ನಮಗೆ ಸೊಪ್ಪು ಮಾತ್ರ ಸಾಕು ಎಂದೆ.

"ಮರ ಸತ್ತರೆ?"

"ನಮ್ಮೂರಲ್ಲಿ ಬುಡಕ್ಕೇ ಕಡೀತೀವಿ ಮೇಡಂ. ಹಟಕ್ಕೆ ಬಿದ್ದು ಚಿಗುರುತ್ತೆ."

"ಯಾವುದಕ್ಕೆ ಕೊಡುತ್ತಿದ್ದೇನೆ ಎಂದು ನೋಡದೆ ನಾನು ಏನನ್ನೂ ಕೊಡುವುದಿಲ್ಲ. ಬರುತ್ತೇನೆ, ನಡೆಯಿರಿ" ಎಂದರು.

ಅರ್ಧ ಗಂಟೆಯೊಳಗೆ ಬಂದರು. ಅವರಿಗಿಂತ ಮುಂಚೆ ಅವರ ಸೆಂಟು ಬಂತು. ಗುಲಾಬಿಯೋ ಮಲ್ಲಿಗೆಯೋ, ಒಳ್ಳೆಯ ವಾಸನೆಯೇ. ಆದರೆ ಪದ್ಮಕ್ಕ ಬಾಗಿಲಿಗೆ ಅಡ್ಡ ಕೈ ಇಟ್ಟು ನಿಂತಳು. ಅವಳಿಗೆ ಬರುವ ಇಂಗ್ಲಿಷಿನಲ್ಲಿ ಒಂದು ಪದ ಆರಿಸಿ ಹೇಳಿದಳು. "ನೋ."

ಲಿಡಿಯಾ ಮುಖ ಮುಚ್ಚಿಕೊಂಡಳು.

ನಾನು ಪದ್ಮಕ್ಕನ ಕಿವಿಯಲ್ಲಿ, "ಅಕ್ಕ, ಸೊಪ್ಪು ಕೊಡೋರೇ ಇವರು" ಎಂದೆ.

"ಕೊಡೋರೇ ಆಗ್ಲಿ. ಹಸ್ದಿರೋ ಹುಳದ ಮೇಲೆ ಈ ವಾಸ್ನೆ ಬಿಟ್ರೆ ಸೊಪ್ಪು ತಂದು ಯಾವ ಹುಳಕ್ಕೆ ಹಾಕ್ತೀಯೇ? ನೀನು ಓದಿದೋಳು, ನೀನೇ ಹೇಳು."

ಮುಥೋನಿ ನನ್ನನ್ನೇ ನೋಡುತ್ತಿದ್ದರು. ಒಂದು ಸಲ, ಒಂದೇ ನಿಮಿಷಕ್ಕೆ ಒಳಗೆ ಬಿಟ್ಟರೆ ಏನಾಗುತ್ತದೆ ಎಂದು ನನ್ನ ಮನಸ್ಸಿನಲ್ಲಿ ಬರಲಿಲ್ಲ ಎನ್ನಲಾರೆ. ಆದರೆ ಹಿಂದೊಮ್ಮೆ ಹುಳು ನೋಡಲು ಬಂದ ಎಸ್ತರಳನ್ನು ನಾನು ಅದೇ ಬಾಗಿಲಲ್ಲಿ ತಡೆದಿದ್ದೆ, ಕಾಲು ತೊಳೆಸಿದ್ದೆ. ಬಂಗಲೆಯವರಿಗೆ ಒಂದು, ಹೊಲದವರಿಗೆ ಒಂದು ಎಂದರೆ ನಾನು ಕಲಿಸಿದ್ದೇನು?

"ಮೇಡಂ, ತಪ್ಪು ತಿಳ್ಕೋಬೇಡಿ" ಎಂದೆ. "ಮನೆಗೆ ಹೋಗಿ ಸಾದಾ ಸೋಪಲ್ಲಿ ಸ್ನಾನ ಮಾಡಿ, ಸೆಂಟು ತಾಗದಿರೋ ಬಟ್ಟೆ ಹಾಕ್ಕೊಂಡು ಬನ್ನಿ. ಆಮೇಲೆ ಎಷ್ಟೊತ್ತು ಬೇಕಾದ್ರೂ ನೋಡಿ."

ಅವರು ತಿರುಗಿ ಹೋದರು.

ಲಿಡಿಯಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ಮುಗಿಯಿತು. ಈ ಬಡಾವಣೆಯಿಂದಲೇ ನನ್ನನ್ನು ಓಡಿಸುತ್ತಾರೆ" ಎಂದಳು. ಪದ್ಮಕ್ಕ ಅವಳಿಗೆ ಬಾಳೆಹಣ್ಣು ಕೊಟ್ಟಳು. ಒಳಗೆ ಹುಳುಗಳು ತಲೆ ಎತ್ತಿಕೊಂಡೇ ಇದ್ದವು. ನಾನು ತಟ್ಟೆಗಳ ನಡುವೆ ಓಡಾಡಿದೆ, ಮಾಡಲು ಏನೂ ಇರಲಿಲ್ಲ.

ಗೇಟಿನ ಸದ್ದಾಯಿತು. ಹಳೆಯ ಹತ್ತಿ ಅಂಗಿ, ರಬ್ಬರ್ ಚಪ್ಪಲಿ, ಒದ್ದೆ ತಲೆಗೆ ಟವೆಲ್. ಮುಥೋನಿ ಬಂದಿದ್ದರು. ಬಕೆಟ್ಟಿನಲ್ಲಿ ಕೈಕಾಲು ತೊಳೆದು, ಸುಣ್ಣದ ಪಟ್ಟಿ ಮೆಟ್ಟಿ, ಎರಡೂ ಅಂಗೈ ಪದ್ಮಕ್ಕನ ಮೂಗಿನ ಮುಂದೆ ಹಿಡಿದರು. ಪದ್ಮಕ್ಕ ನಿಧಾನವಾಗಿ ಮೂಸಿದಳು.

"ಸಾದಾ ಸೋಪು. ಬಿಡು ಒಳಕ್ಕೆ."

ಒಳಗೆ ಬಂದವರು ಒಂದೊಂದೇ ತಟ್ಟೆಯ ಮೇಲೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು: "ಇವು ನನ್ನನ್ನು ನೋಡುತ್ತಿವೆಯೇ?"

"ಇಲ್ಲ ಮೇಡಂ. ಸೊಪ್ಪು ಹುಡುಕ್ತಿವೆ."

"ಒಂದು ಷರತ್ತು" ಎಂದರು ಮುಥೋನಿ. "ಒಬ್ಬರ ಮನೆ ಮುಂದೆ ಕತ್ತರಿಸಿ ಇನ್ನೊಬ್ಬರದು ಬಿಟ್ಟರೆ ನಾಳೆಯಿಂದ ನನ್ನ ಫೋನು ನಿಲ್ಲುವುದಿಲ್ಲ. ಕತ್ತರಿಸಿದರೆ ಎಲ್ಲ ಮರವನ್ನೂ ಒಂದೇ ಸಮ ಕತ್ತರಿಸಬೇಕು. ನನ್ನದರಿಂದಲೇ ಶುರು ಮಾಡಿ."

ಏಣಿಗಳ ರಸ್ತೆ

ಮೊದಲು ಒಂದು ಕೊಂಬೆ ತಂದೆವು. ಎಲೆ ಒರೆಸಿ, ಪರೀಕ್ಷೆಯ ತಟ್ಟೆಗೆ ಹಾಕಿ ಕಾದೆವು. ಮುಥೋನಿಯೂ ಕಾದರು. ರಸ್ತೆಯ ಮರಕ್ಕೆ ಔಷಧಿ ಹೊಡೆದಿಲ್ಲ ಎಂದು ತೋಟಗಾರ ಆಣೆ ಮಾಡಿದ್ದ, ಆದರೆ ಆಣೆಯನ್ನು ಹುಳು ತಿನ್ನುವುದಿಲ್ಲ. ಹುಳುಗಳು ಎಲೆಯ ಮೇಲೆ ಹತ್ತಿದವು. ತಲೆ ತಗ್ಗಿಸಿದವು. ಪದ್ಮಕ್ಕ ತಟ್ಟೆಗೆ ಕಿವಿ ಕೊಟ್ಟಳು. ಒಂದಷ್ಟು ಹೊತ್ತಾದ ಮೇಲೆ ಕಿವಿ ತೆಗೆಯದೆಯೇ, "ಏಣಿ ತರ್ಸು" ಎಂದಳು.

ಮೊದಲ ಮರಕ್ಕೆ ನಾನೇ ಸೆರಗು ಸಿಕ್ಕಿಸಿ ಹತ್ತಿದೆ. ಅಮ್ಮ ಮಾಡುತ್ತಿದ್ದ ಕೆಲಸ, ಡಿಗ್ರಿ ಆದ ಮೇಲೆ ಕೈಯಲ್ಲಿ ಮಾಡಿರಲಿಲ್ಲ. ಕೈ ಮರೆತಿರಲಿಲ್ಲ. ಮೊದಲು ಮುಥೋನಿ ಅವರ ತೋಟಗಾರ ಬಂದ, ಆಮೇಲೆ ಪಕ್ಕದ ಮನೆಯ ಅಡುಗೆಯವನು, ಆಮೇಲೆ ಗಸ್ತು ಜೀಪಿನ ಚಾಲಕ ಜೀಪನ್ನೇ ಮರದ ಕೆಳಗೆ ನಿಲ್ಲಿಸಿ ಅದರ ಮೇಲೆ ನಿಂತ. ಕತ್ತರಿಯ ಸದ್ದಿಗೆ ಒಂದೊಂದೇ ಗೇಟು ತೆರೆದುಕೊಂಡಿತು. ಯಾರು ಮರ ಕಡಿಯುತ್ತಿರುವುದು ಎಂದು ಜಗಳಕ್ಕೆ ಬಂದವರು ಮುಥೋನಿ ಅವರನ್ನು ರಬ್ಬರ್ ಚಪ್ಪಲಿಯಲ್ಲಿ ನೋಡಿ ಬಾಯಿ ಮುಚ್ಚಿಕೊಂಡರು. ಕೆಲವರು ಹಾಗೇ ನಿಂತು ನೋಡಿದರು. ಕೆಲವರು ಕೊಂಬೆ ಹಿಡಿದರು. ಸ್ವೆಟರ್ ನಾಯಿಯ ಒಡೆಯನೂ ಬಂದ, ನಾಯಿಯನ್ನು ಮರಕ್ಕೆ ಕಟ್ಟಿ ಸೊಪ್ಪು ಹೊತ್ತ.

"ದಂಟು ಬಿಡಿ, ಎಲೆ ಮುರೀಬೇಡಿ, ಅದುಮ್ಬೇಡಿ" ಎಂದು ಪದ್ಮಕ್ಕ ರಸ್ತೆಯ ನಡುವೆ ನಿಂತು ಕನ್ನಡದಲ್ಲೇ ಅಪ್ಪಣೆ ಕೊಡುತ್ತಿದ್ದಳು. ಎಲ್ಲರಿಗೂ ಅರ್ಥವಾಗುತ್ತಿತ್ತು. ಲಿಡಿಯಾ ಪಕ್ಕದ ಮನೆಯವರ ಹೆಸರು ಕೇಳುವುದನ್ನು ಆ ಏಣಿಯ ಮೇಲಿಂದಲೇ ನಾನು ಕೇಳಿಸಿಕೊಂಡೆ.

ಸಂಜೆಯ ಬೆಳಕು ಇರುವಾಗಲೇ ಎಲ್ಲ ತಟ್ಟೆಗೂ ಸೊಪ್ಪು ಬಿತ್ತು. ನಾವು ಬಾಗಿಲು ಹಾಕಿ ಹೊರಗೆ ನಿಂತೆವು. ಮೊದಲು ಏನೂ ಇಲ್ಲ. ಆಮೇಲೆ ಒಳಗೆ ಸೋನೆ ಶುರುವಾಯಿತು. ಮುಥೋನಿ ತಲೆ ಎತ್ತಿ ಆಕಾಶ ನೋಡಿದರು. ಆಕಾಶ ನಿರ್ಮಲವಾಗಿತ್ತು. ಆಗ ಅವರು ನಕ್ಕರು, ಅಲ್ಲಿ ನಿಂತಿದ್ದ ಎಲ್ಲರೂ ನಕ್ಕರು.

ಗೂಡು

ದಿನಾ ಎಲ್ಲ ಮರವನ್ನೂ ಒಂದೇ ಸಮ ಸವರುತ್ತ ಹೋದೆವು, ಆ ಸಾಲುಮರದ ಸೊಪ್ಪು ಬೆಳೆ ಮುಗಿಯುವವರೆಗೆ ಸಾಕಾಯಿತು. ನಾಲ್ಕನೇ ಜ್ವರದವರೆಗೆ ತಿಂದದ್ದು ನಮ್ಮ ಸೊಪ್ಪೇ, ಲೆಕ್ಕಕ್ಕೆ ಬರುತ್ತದೆ ಎಂದು ಎಸ್ತರ್ ಫೋನಿನಲ್ಲಿ ಒಪ್ಪಿದ್ದಳು. ಹುಳುಗಳು ಹಣ್ಣಾದವು. ಅಂದರೆ ಸೊಪ್ಪು ಬಿಟ್ಟು, ಮೈ ಪಾರದರ್ಶಕವಾಗಿ, ಕಾಯಿ ಮಾಗಿದ ಹಾಗೆ ಹಳದಿಗೆ ತಿರುಗಿದವು. ನಾವು ಅಲ್ಲಿನ ಬಿದಿರಲ್ಲೇ ಚಂದ್ರಿಕೆ ಹೆಣೆದಿದ್ದೆವು. ಗೂಡು ಕಟ್ಟಲು ಹುಳು ಬಿಡುವ, ಸುರುಳಿ ಸುತ್ತಿದ ದೊಡ್ಡ ತಟ್ಟೆ ಅದು. ಅವುಗಳ ಮೇಲೆ ಬಿಟ್ಟ ಹುಳುಗಳು ಮೊದಲು ಮಂಜಿನಂತೆ, ಆಮೇಲೆ ಮೊಟ್ಟೆಯಂತೆ ತಮ್ಮನ್ನು ತಾವು ಮುಚ್ಚಿಕೊಂಡವು.

ಬಿಡಿಸುವ ದಿನ ಎಸ್ತರ್ ತನ್ನ ಸಂಘದ ಹೆಂಗಸರನ್ನೆಲ್ಲ ಕರೆದುಕೊಂಡು ವ್ಯಾನಿನಲ್ಲಿ ಬಂದಳು. ಬಡಾವಣೆಯವರೂ ಬಂದರು. ಬಕೆಟ್ಟಿನ ಮುಂದೆ ಸಾಲು. ಹೊಲದ ಹೆಂಗಸರು, ಅವರ ಹಿಂದೆ ಬೂಟು ಕಳಚಿ ಕೈಯಲ್ಲಿ ಹಿಡಿದ ಯಾವುದೋ ಕಂಪನಿಯ ದೊಡ್ಡ ಸಾಹೇಬ, ಅವನ ಹಿಂದೆ ಅವನದೇ ಕಾರಿನ ಚಾಲಕ. ಪದ್ಮಕ್ಕ ಒಬ್ಬೊಬ್ಬರದೂ ಅಂಗೈ ಮೂಸಿ ಬಿಟ್ಟಳು. ಸಾಹೇಬನನ್ನು ಎರಡು ಸಲ ತೊಳೆಯಲು ಕಳಿಸಿದಳು. ನಾನು ಆ ದಿನದಷ್ಟು ತಲೆ ಎತ್ತಿ ಯಾವತ್ತೂ ನಿಂತಿಲ್ಲ. ಘಟಿಕೋತ್ಸವದ ದಿನವೂ ನಿಂತಿರಲಿಲ್ಲ.

ಗೂಡು ಹಾಲಿನಷ್ಟು ಬಿಳಿ, ಒತ್ತಿದರೆ ಬಗ್ಗದಷ್ಟು ಗಟ್ಟಿ. ಎಲ್ಲರೂ ಬಿಡಿಸಿದರು, ಫೋಟೋ ತೆಗೆದರು, ಚಪ್ಪಾಳೆ ತಟ್ಟಿದರು. ಎಸ್ತರ್ ತಟ್ಟಲಿಲ್ಲ. ಒಂದು ಗೂಡು ಆರಿಸಿ, ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಕೋಶವಾಗಿ ಮಾರ್ಪಟ್ಟ ಹುಳು ಟಕಟಕ ಎಂದಿತು. ಕತ್ತರಿ ಕೇಳಿ, ಗೂಡನ್ನು ಸೀಳಿ, ಒಳಗಿನ ಕೋಶವನ್ನು ಅಂಗೈಯಲ್ಲಿಟ್ಟು ನೋಡಿದಳು. ಅದು ಬಾಲ ಆಡಿಸಿತು. ಅವಳು ಅದನ್ನು ತಟ್ಟೆಯಲ್ಲಿಟ್ಟು ಹೊರಗೆ ಹೋದಳು.

ಅವಳ ಹಿಂದೆಯೇ ಹೋದೆ.

ಎಸ್ತರ್ ಕಾಂಪೌಂಡಿನ ಪಕ್ಕ, ಹುಲ್ಲಿಲ್ಲದ ಕೆಂಪು ನೆಲದ ಮೇಲೆ ನಿಂತಿದ್ದಳು. ಕೈಗಳನ್ನು ಅಗಲಿಸಿ ಗಾಳಿಯಲ್ಲಿ ಏನನ್ನೋ ಅಳೆಯುತ್ತಿದ್ದಳು.

"ನಮ್ಮ ಶೆಡ್ಡಿಗೆ ಬಾಗಿಲು ಯಾವ ಕಡೆ ಇಡಲಿ?" ಎಂದಳು.

"ನಿಮ್ಮೂರಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತೆ?" ಎಂದೆ. ಅವಳು ಕೈ ತೋರಿಸಿದಳು. ಔಷಧಿ ಹೊಡೆದ ಜಮೀನು ಯಾವ ಕಡೆ ಎಂದೆ. ಅದನ್ನೂ ತೋರಿಸಿದಳು. ನಾನು ಒಂದು ಕಡ್ಡಿ ಮುರಿದುಕೊಂಡು, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಪೂರ್ವದಿಂದ ಪಶ್ಚಿಮಕ್ಕೆ ಉದ್ದ ಗೆರೆ ಎಳೆದೆ. ಬಾಗಿಲು ಗುರುತು ಹಾಕಿದೆ. ಹೆಂಗಸರು ಸುತ್ತ ಬಂದು ನಿಂತರು.

"ಕಿಟ್ಕಿ ಎಲ್ಲೇ?" ಎಂದು ಪದ್ಮಕ್ಕ ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡು ಕಿಟಕಿ ಬರೆದಳು. ಎಸ್ತರ್ ಅವಳ ಕೈಯಿಂದ ಅದನ್ನು ಕಿತ್ತುಕೊಂಡಳು, ಕಿಟಕಿಯನ್ನು ಇನ್ನಷ್ಟು ದೊಡ್ಡದು ಮಾಡಿದಳು, ಆಮೇಲೆ ಶೆಡ್ಡಿನ ಉದ್ದವನ್ನೂ ಅಳಿಸಿ, ಕಾಂಪೌಂಡು ಮುಟ್ಟುವವರೆಗೆ ಎಳೆದಳು.